ಬಕೆಟ್ಟಿನ ಕೆಳಗೆ ಒಂದು ಕವಳ

ಕಂಪನಿಯ ಸಾಮಾನಿಗೆ ಗ್ಯಾರಂಟಿ ಕಾರ್ಡು ಇರುತ್ತದೆ. ವಿನೋದ ಗೌಡನ ಸಾಮಾನಿಗೆ ವಿನೋದ ಗೌಡನೇ ಗ್ಯಾರಂಟಿ. ಹಳದೀಪುರದ ಹೆದ್ದಾರಿ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು, ಹಳೇ ಲಾರಿಯ ಚಾಸಿ, ತದಡಿಯಲ್ಲಿ ಒಡೆದ ಬೋಟಿನ ಶಾಫ್ಟು, ಗುಜರಿ ಪೈಪು ಕೂಡಿಸಿ ಅವನು ಟ್ರ್ಯಾಕ್ಟರಿನ ತೋಳಿಗೆ ಸಿಕ್ಕಿಸಿ ಕಲ್ಲುಮಣ್ಣು ಎತ್ತುವ ಬಕೆಟ್ಟು, ಮಣ್ಣು ಸವರುವ ಹಲಗೆ, ಹುಲ್ಲು ಎತ್ತುವ ಮುಳ್ಳು, ಎಲ್ಲ ಮಾಡಿಕೊಡುತ್ತಿದ್ದ. ಒಮ್ಮೆ ರಸ್ತೆ ಕಂತ್ರಾಟುದಾರನ ಬಾಬ್‌ಕ್ಯಾಟ್ ಎಂಬ ಪುಟ್ಟ ಲೋಡರ್ ಯಂತ್ರಕ್ಕೆ ಕಲ್ಲು ಕಚ್ಚಿ ಹಿಡಿಯುವ ದವಡೆಯನ್ನೂ ಮಾಡಿ ಕೊಟ್ಟಿದ್ದ.

ಮೊದಲ ಬಕೆಟ್ಟು ಕೊಂಡವನು ತದಡಿಯವನು. "ಗುಜರಿ ಕಬ್ಬಿಣ, ಯಾವಾಗ ಕಳಚಿ ಬೀಳ್ತದೋ" ಎಂದು ಆತ ಮೂಗು ಮುರಿದಾಗ ವಿನೋದನಿಗೆ ಸಿಟ್ಟು ನೆತ್ತಿಗೇರಿತು. ಬಕೆಟ್ಟಿನ ತುಂಬ ಚಿರೆಕಲ್ಲು ಪೇರಿಸಿ ಮೇಲೆತ್ತಿಸಿದ. ಅದರ ನೇರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ನಿಧಾನ ಒಂದು ಕವಳ ಜಗಿದು ಮುಗಿಸಿಯೇ ಎದ್ದ. ಆ ಸುದ್ದಿ ಭಟ್ಕಳದಿಂದ ಕುಮಟಾದವರೆಗೆ ಹರಿದಾಡಿತು. ಅಂದಿನಿಂದ ಅದೇ ಪದ್ಧತಿ. ಸಾಮಾನು ಒಪ್ಪಿಸುವ ದಿನ ಮಾಡಿದವನು ಕೆಳಗೆ ಕೂತು ಕವಳ ಹಾಕಬೇಕು, ಆಮೇಲೆಯೇ ಕೊಂಡವನು ಕಾಯಿ ಒಡೆಯಬೇಕು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು ಎಂದು ಅವನ ಹೆಂಡತಿ ಕಲ್ಪನಾಳಿಗೆ ಆಗಲೇ ಅನ್ನಿಸಿತ್ತು. ಆದರೆ ಗಿರಾಕಿ ಸಾಲುಗಟ್ಟಿದಾಗ ಹೆಂಡತಿಯ ಅನಿಸಿಕೆಯನ್ನು ಕೇಳುವವರು ಯಾರು?

ಹೋದ ವರ್ಷ ವಿನೋದನ ಬಲಗೈ ನಡುಗಲು ಶುರುವಾಯಿತು. ನರದ ತೊಂದರೆ, ಗುಳಿಗೆ ನುಂಗುತ್ತಾ ಇರಿ ಎಂದರು ಡಾಕ್ಟರು. ನಡುಗುವ ಕೈಯಲ್ಲಿ ಬೆಸುಗೆ ಹಾಕಿದರೆ ಹೊಲಿಗೆ ಬಾರದ ಪೋರಿ ದಾರ ಎಳೆದಂತೆ ಗೆರೆ ಸೊಟ್ಟಗಾಗುತ್ತದೆ. ವರ್ಷಗಟ್ಟಲೆ ಅವನಿಗೆ ಕಬ್ಬಿಣ ಹಿಡಿದುಕೊಟ್ಟ ಕಲ್ಪನಾ ಒಂದು ದಿನ ಬೆಸುಗೆಯ ಹೋಲ್ಡರನ್ನು ತಾನೇ ತೆಗೆದುಕೊಂಡಳು. ಅವಳ ಕೈ ಅವನ ಕೈಗಿಂತ ಚೆಂದ ಓಡಿತು. ವಿನೋದ ಅದನ್ನು ನೋಡಿ ಮೊದಲು ನಕ್ಕ, ಆಮೇಲೆ ಎದ್ದು ಶೆಡ್ಡಿನ ಶಟರನ್ನು ಅರ್ಧ ಎಳೆದ.

"ಊರಿಗೆ ಗೊತ್ತಾಪ್ದು ಬೇಡ. ಹೆಂಗ್ಸು ಬೆಸೆದ ಬಕೆಟ್ಟು ಯಾರು ತಕಂತ್ರು?" ಎಂದ.

ಅವಳು ತಲೆಯಾಡಿಸಿದಳು. ಶಟರಿನ ಕೆಳಗಿಂದ ನೀಲಿ ಬೆಳಕು ಚಿಮ್ಮುವಾಗ ದಾರಿಹೋಕರು ವಿನೋದ ಕೆಲಸದಲ್ಲಿದ್ದಾನೆ ಎಂದುಕೊಳ್ಳುತ್ತಿದ್ದರು. ಒಳಗೆ ಅವಳು ಬೆವರುತ್ತಿದ್ದಳು. ಒಪ್ಪಿಸುವ ದಿನ ಮಾತ್ರ ಕೆಳಗೆ ಕೂತು ಕವಳ ಹಾಕುವವನು ಅವನೇ. ಮಾಡಿದವಳು ಮನೆಯಲ್ಲಿ ಕೂತು, ಅವನು ತಿರುಗಿ ಬರುವವರೆಗೆ ಊಟ ಮಾಡದೆ ಕಾಯುತ್ತಿದ್ದಳು. ಆದರೂ ಒಂದು ಧೈರ್ಯ ಇತ್ತು. ತನ್ನ ಬೆಸುಗೆ ಬಿಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಆ ಧೈರ್ಯ ಬಿದ್ದುಹೋದದ್ದು ದೀಪಾವಳಿ ಮುಗಿದ ಮೇಲೆ, ಒಂದು ಬೆಳಿಗ್ಗೆ, ಸಾರಿನ ಹುಳಿಗೆಂದು ಮುರುಗಲ ಸಿಪ್ಪೆ ಹುಡುಕುವಾಗ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಚರ್ಮವಾಗುತ್ತದೆ. ಬೆಸುಗೆಯ ಕಡ್ಡಿಯೂ ತೇವ ಹೀರಿ ತಂಡಿ ಹಿಡಿಯುತ್ತದೆ. ತಂಡಿ ಕಡ್ಡಿಯಲ್ಲಿ ಬೆಸೆದರೆ ಮೇಲೆ ನುಣ್ಣಗೆ ಕಂಡರೂ ಒಳಗೆ ಬನ್ಸಿನ ಹಾಗೆ ಪೊಳ್ಳು. ಅದಕ್ಕೇ ಕಲ್ಪನಾ ಕಡ್ಡಿಗಳನ್ನು ಒಂದು ಬಿಸ್ಕೀಟು ಡಬ್ಬಿಯಲ್ಲಿ ಹಾಕಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡುತ್ತಿದ್ದಳು. ಅಂದು ಅಟ್ಟಕ್ಕೆ ಕೈ ಹಾಕಿದಾಗ ಮೂಲೆಯಲ್ಲಿ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಆಷಾಢದಲ್ಲಿ ಇಟ್ಟ ಕಡ್ಡಿಗಳು ಹಾಗೇ ಇದ್ದವು, ಒಂದೂ ಮುಟ್ಟಿರಲಿಲ್ಲ.

"ಅತ್ತೆ, ಈ ಡಬ್ಬಿ ಇಲ್ಲಿಗೆ ಹ್ಯಾಂಗೆ ಬಂತು?"

ಅತ್ತೆ ಗಂಗೆ ಒಲೆಯ ಬೂದಿ ಬಳಿಯುತ್ತ ತಲೆ ಎತ್ತದೆ ಹೇಳಿದಳು. "ಮುರುಗಲ ಸಿಪ್ಪೆ ಬೂಸ್ಟು ಬತ್ತಿತ್ತು. ಒಲೆ ಮೇಲೆ ಅದ್ನ ಇಟ್ಟೆ, ನಿನ್ನ ಡಬ್ಬಿ ಆಚೆಗೆ ಸರಿಸ್ದೆ. ಖಾಲಿ ಡಬ್ಬಿ ಒಂದು ಕಂಡ್ತು, ಅಂಗಡಿಯಿಂದ ತಂದ ಹೊಸ ಕಡ್ಡಿ ಕೆಳಗೆ ಬಿದ್ದಿತ್ತಲ್ಲ, ಅದ್ನ ಅದ್ರಲ್ಲಿ ತುಂಬ್ಸಿ ಬಾಗಲ ಹತ್ರ ಇಟ್ಟೆ. ಎಂತ ಆತು?"

ಮುದುಕಿ ಮಾಡಿದ್ದು ಉಪಕಾರವೇ. ಸಿಪ್ಪೆಗೆ ಬೂಸ್ಟು ಬಂದರೆ ವರ್ಷದ ಹುಳಿ ಹೋಯಿತು, ಕಬ್ಬಿಣದ ಕಡ್ಡಿಗೆ ಎಂಥ ಬೂಸ್ಟು ಎಂದುಕೊಂಡಿರಬೇಕು. ಬಾಗಿಲ ಹತ್ತಿರದ ಡಬ್ಬಿಯೂ ಅದೇ ತರದ್ದಾದ್ದರಿಂದ, ಅತ್ತೆ ಅಟ್ಟದಿಂದ ಇಳಿಸಿಟ್ಟ ಒಣಗಿಸಿದ ಕಡ್ಡಿಯೆಂದೇ ತಿಳಿದು ಕಲ್ಪನಾ ಶೆಡ್ಡಿಗೆ ಒಯ್ದಿದ್ದಳು. ಆ ಕಡ್ಡಿಗಳಲ್ಲೇ ಕತಗಾಲದ ಮಧುಸೂದನ ಹೆಗಡೆಯವರ ಬಕೆಟ್ಟಿನ ಕಿವಿಗಳನ್ನು ಬೆಸೆದಿದ್ದಳು. ಕಿವಿ ಎಂದರೆ ಟ್ರ್ಯಾಕ್ಟರಿನ ತೋಳು ಬಂದು ಬಕೆಟ್ಟಿಗೆ ಕೂಡುವ ಜಾಗ, ಭಾರವೆಲ್ಲ ಅದರ ಮೇಲೆ. ಬೆಸೆಯುವಾಗ ಚಟಪಟ ಸದ್ದು ಜಾಸ್ತಿ ಕೇಳಿಸಿದ್ದು ಈಗ ನೆನಪಾಯಿತು. ಆಗ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಅದರ ಸದ್ದೇ ಇರಬೇಕೆಂದು ಬಿಟ್ಟಿದ್ದಳು.

ಹೆಗಡೆಯವರ ಟ್ರ್ಯಾಕ್ಟರು ಬೆಳಿಗ್ಗೆಯೇ ಬಕೆಟ್ಟು ಸಿಕ್ಕಿಸಿಕೊಂಡು ಹೊರಟಾಗಿತ್ತು. ಅವರ ಡ್ರೈವರ್ ಶುಕ್ರ ಓಡಿಸುತ್ತಿದ್ದ, ವಿನೋದ ಪಕ್ಕದ ಮಡ್ಗಾರ್ಡಿನ ಮೇಲೆ ಕೂತಿದ್ದ. ಅವಳು ಫೋನು ಹಚ್ಚಿದಳು, ಟ್ರ್ಯಾಕ್ಟರಿನ ಗದ್ದಲದಲ್ಲಿ ಅವನಿಗೆ ಎಲ್ಲಿ ಕೇಳಬೇಕು? ಉಟ್ಟ ಸೀರೆಯಲ್ಲೇ ಓಡಿ ಕುಮಟಾದ ಬಸ್ಸು ಹತ್ತಿದಳು.

ಆ ಬಸ್ಸಿನಷ್ಟು ನಿಧಾನದ ಬಸ್ಸನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕೈ ತೋರಿದಲ್ಲೆಲ್ಲ ನಿಂತಿತು. ಕುಮಟಾದಲ್ಲಿ ಶಿರಸಿ ಬಸ್ಸು ಹತ್ತಿದರೆ ಕಂಡಕ್ಟರು ಚಾ ಕುಡಿಯಲು ಹೋಗಿದ್ದ. ಕಿಟಕಿಯ ಸರಳು ಹಿಡಿದು ಕೂತ ಅವಳಿಗೆ ಮುಂದಿನದು ತಿಳಿಯಲಿಲ್ಲ. ಎಲ್ಲರೆದುರು ಕೂಗಿ ಹೇಳಿದರೆ ಬೆಸೆದವರು ಯಾರು ಎಂಬುದೂ ಹೊರಬೀಳುತ್ತದೆ, ಗಂಡನ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಗಂಡನೇ ಮಣ್ಣುಪಾಲು. ಅತ್ತ ದರಿ, ಇತ್ತ ಪುಲಿ.

ಕತಗಾಲದ ಮನೆಯ ಅಂಗಳ ತಲುಪಿದಾಗ ಬಕೆಟ್ಟಿನ ತುಂಬ ಕಲ್ಲು ಪೇರಿಸಿ ಮೇಲೆತ್ತಿ ಆಗಿತ್ತು. ಹೊಸ ಹಳದಿ ಬಣ್ಣ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೆಗಡೆಯವರು ತೆಂಗಿನಕಾಯಿ ಹಿಡಿದು ನಿಂತಿದ್ದರು, ಅವರ ಹೆಂಡತಿ ಮಹಾಲಕ್ಷ್ಮೀ ಆರತಿ ತಟ್ಟೆಯೊಂದಿಗೆ ಜಗಲಿಯಲ್ಲಿದ್ದರು. ಅಕ್ಕಪಕ್ಕದವರೂ ಸೇರಿದ್ದರು. ಕವಳದ ಆಟ ನೋಡುವುದಕ್ಕೇ ಬಂದವರು ಅವರೆಲ್ಲ. ವಿನೋದ ಸಂಚಿ ಹಿಡಿದು ಬಕೆಟ್ಟಿನ ಕಡೆ ಹೆಜ್ಜೆ ಹಾಕುತ್ತಿದ್ದ.

"ಹೋಯ್!" ಎಂದಳು ಕಲ್ಪನಾ. ಅವನು ತಿರುಗಿದ. ಅವಳು ಹತ್ತಿರ ಹೋಗಿ ಸೆರಗಿನಿಂದ ಬಾಯಿ ಮರೆಮಾಡಿ ಒಂದೇ ಉಸಿರಿಗೆ ಹೇಳಿದಳು. "ಕೂರ್ಬೇಡಿ. ಕಿವಿಗೆ ಹಾಕಿದ್ದು ತಂಡಿ ಕಡ್ಡಿ. ಒಣಗಿಸಿದ್ದು ಮನೆಯಲ್ಲೇ ಉಳಿದು ಹೋಗಿದೆ."

ವಿನೋದನ ಮುಖದ ರಕ್ತ ಇಳಿಯಿತು. ಒಮ್ಮೆ ಮೇಲೆ ನೋಡಿದ, ಒಮ್ಮೆ ಜನರನ್ನು ನೋಡಿದ.

"ಈಗ ಎಂತ ಹೇಳೂದು? ನಾ ಹಿಂದೆ ಸರಿದ್ರೆ ನಾಳೆ ಶೆಡ್ಡಿಗೆ ಯಾರು ಬತ್ರು?" ಎಂದು ಪಿಸುಗುಟ್ಟಿದ.

"ಶೆಡ್ಡು ಹಾಳಾಗ್ಲಿ."

"ಮತ್ತೆ ಕೇಳ್ತ್ರು, ಬೆಸೆದದ್ದು ಯಾರು ಅಂತ." ಸಂಚಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ. "ಒಂದು ಕವಳದ ಹೊತ್ತು ತಾನೆ? ಆತು, ನೀ ಸುಮ್ನಿರು."

"ಎಂತ ವಿನೋದ, ಹೆಂಡ್ತಿ ಬುತ್ತಿ ತಂದ್ಲಾ?" ಎಂದು ಹೆಗಡೆಯವರು ನಗೆಯಾಡಿದರು. ಎಲ್ಲರೂ ನಕ್ಕರು. ವಿನೋದನೂ ನಕ್ಕ, ಹೋಗಿ ಬಕೆಟ್ಟಿನ ಕೆಳಗೆ ಕೂತ.

ಕಲ್ಪನಾ ಎದೆಯ ಮೇಲೆ ಕೈ ಇಟ್ಟು ನಿಂತಳು. ಬಾಯಲ್ಲಿ ಬಿಸಿತುಪ್ಪ ಇದ್ದಂತೆ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವನು ಎಲೆಯ ತೊಟ್ಟು ಮುರಿದ. ಸುಣ್ಣ ಹಚ್ಚುವಾಗ ಬೆರಳು ನಡುಗಿ ಸುಣ್ಣ ಪಂಚೆಯ ಮೇಲೆ ಬಿತ್ತು. ಅಡಿಕೆ ಹೋಳು ಕೈತಪ್ಪಿ ಉರುಳಿತು, ಅದನ್ನು ಹೆಕ್ಕಲು ಅವನು ಬಗ್ಗಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನ ದವಡೆ ಆಡುತ್ತಿತ್ತು. ಇವನ ಮೇಲೆ ಅವಳಿಗೆ ಹಿಂದೆಂದೂ ಇಷ್ಟು ಸಿಟ್ಟು ಬಂದಿರಲಿಲ್ಲ, ಇಷ್ಟು ಕರುಣೆಯೂ ಬಂದಿರಲಿಲ್ಲ. ಬೆಸೆದ ಕೈ ತನ್ನದು. ಬಿದ್ದರೆ ಕೊಂದ ಕೈಯೂ ತನ್ನದೇ. ಕೂಗಬೇಕೆಂದು ಬಾಯಿ ತೆರೆದರೆ ಸ್ವರವೇ ಹೊರಡಲಿಲ್ಲ.

ಬಕೆಟ್ಟು ಬೀಳಲಿಲ್ಲ. ಕವಳ ಮುಗಿಸಿ ವಿನೋದ ಎದ್ದು ಬಂದ. ಜನ ಚಪ್ಪಾಳೆ ತಟ್ಟಿದರು, ಹೆಗಡೆಯವರು ಕಾಯಿ ಒಡೆದರು. ಅವನು ಅವಳ ಪಕ್ಕ ಬಂದು ನಿಂತು, "ಕಂಡ್ಯಾ? ರಾತ್ರಿ ಎಂತಾದ್ರೂ ನೆಪ ಹೇಳಿ ವಾಪಸ್ಸು ತರಿಸಿ ಸರಿ ಮಾಡ್ವ" ಎಂದ. ಅವನ ಅಂಗಿ ಬೆವರಿನಿಂದ ತೊಯ್ದು ಬೆನ್ನಿಗೆ ಅಂಟಿತ್ತು.

ಶುಕ್ರ ಕಲ್ಲು ಸುರಿದು ಬಕೆಟ್ಟನ್ನು ನೆಲಕ್ಕೆ ಇಳಿಸಿದ. ಅಷ್ಟರಲ್ಲಿ ಹೆಗಡೆಯವರ ಕಾಲೇಜಿಗೆ ಹೋಗುವ ಮಗಳು ಅರ್ಚಿತಾ ಮೊಬೈಲು ಹಿಡಿದು ಬಂದು ಸರಕ್ಕನೆ ಅದರೊಳಗೆ ಹತ್ತಿ ನಿಂತಳು. "ಅಪ್ಪಾ, ಮೇಲಿಂದ ತೋಟದ ವಿಡಿಯೋ ತೆಗಿತೆ."

"ಬೇಡದೇ ಕೂಸೇ" ಎಂದರು ಮಹಾಲಕ್ಷ್ಮೀ.

"ಅಡ್ಡಿಲ್ಲೆ, ಎಂತೂ ಆಗ್ತಿಲ್ಲೆ. ಮಾಡಿದವನೇ ಕೆಳಗೆ ಕೂತು ಕವಳ ಹಾಕಿದ್ದ" ಎಂದರು ಹೆಗಡೆಯವರು. "ಶುಕ್ರಾ, ಪೂರಾ ಎತ್ತು."

ತೋಳು ಮೇಲೇರಿತು. ಹುಡುಗಿ ನಗುತ್ತ ಬಕೆಟ್ಟಿನ ಅಂಚು ಹಿಡಿದುಕೊಂಡಳು. ವಿನೋದ ಕಲ್ಪನಾಳ ಕಡೆ ತಿರುಗಿ ಕಣ್ಣಲ್ಲೇ ಬೇಡ ಎಂದ. ಈ ಸಲ ಸ್ವರ ಹೊರಟಿತು.

"ಶುಕ್ರಣ್ಣಾ, ಇಳ್ಸು! ನಿಧಾನ ಇಳ್ಸು! ಕಿವಿ ಸರಿಯಿಲ್ಲ!"

ಶುಕ್ರ ಗಾಬರಿಯಾಗಿ ಒಡೆಯನ ಮುಖ ನೋಡಿದ. ಹೆಗಡೆಯವರು ಹುಬ್ಬುಗಂಟಿಕ್ಕಿ, "ನಿಂಗೆಂತ ಗೊತ್ತು?" ಎಂದರು.

"ನಾನೇ ಬೆಸೆದದ್ದು" ಎಂದಳು. "ವರ್ಷದಿಂದ ಎಲ್ಲ ನಾನೇ ಬೆಸೆಯೂದು. ಇದಕ್ಕೆ ತಂಡಿ ಕಡ್ಡಿ ಹಾಕಿ ಹೋಗಿದೆ. ಕೂಸಿನ ಇಳ್ಸಿ ಹೆಗಡೇರೆ, ಮತ್ತೆ ಎಂತ ಬೇಕಾರೂ ಬಯ್ಯಿ."

ಬಕೆಟ್ಟು ನೆಲ ಮುಟ್ಟಿತು. ಅರ್ಚಿತಾ ಹಾರಿ ಇಳಿದು ಅಮ್ಮನ ಹತ್ತಿರ ಓಡಿದಳು. ಶುಕ್ರ ಟೂಲ್ ಪೆಟ್ಟಿಗೆಯಿಂದ ಸುತ್ತಿಗೆ ತೆಗೆದು ಕಿವಿಯ ಬುಡಕ್ಕೆ ಬಡಿದ. ಸರಿಯಾದ ಬೆಸುಗೆ ಗಂಟೆಯ ಹಾಗೆ ಕೂಗುತ್ತದೆ, ಇದು ಸೋರೆಬುರುಡೆಯ ಹಾಗೆ ಬೊದ್ದೆಂದಿತು. ಇನ್ನೆರಡು ಪೆಟ್ಟಿಗೆ ಹಳದಿ ಬಣ್ಣ ಚಕ್ಕೆಯೆದ್ದು, ಅಡಿಯಲ್ಲಿ ಬಿರುಕು ಬಾಯಿಬಿಟ್ಟಿತು.

ಹೆಗಡೆಯವರು ಬಿರುಕಿನ ಮೇಲೆ ಬೆರಳಾಡಿಸಿ, ಎದ್ದು ವಿನೋದನ ಎದುರು ನಿಂತರು.

"ನಿಂಗೆ ಗೊತ್ತಿತ್ತಾ?"

ವಿನೋದ ತಲೆ ತಗ್ಗಿಸಿದ. "ಗೊತ್ತಿತ್ತು. ಕೂರೂ ಮುಂಚೆ ಹೇಳಿದ್ಲು."

"ಗೊತ್ತಿದ್ದೂ ಕೂತ್ಯಾ?" ಅವರ ಸ್ವರದಲ್ಲಿ ಸಿಟ್ಟಿಗಿಂತ ಭಯ ಹೆಚ್ಚಿತ್ತು. "ಬೆಸುಗೆ ತಪ್ಪೂದು ಇದ್ದದ್ದೇ ಮಾರಾಯ, ಮನುಷ್ಯರು ಮಾಡಿದ್ದು. ಹೆಂಡ್ತಿ ಮಾಡಿದ್ರೂ ನಂಗೆ ಎಂತ ತಕರಾರಿಲ್ಲೆ. ಆದ್ರೆ ನೀ ಕೂತದ್ದು ನೋಡಿ ನಾ ಮಗಳನ್ನ ಎತ್ತಿಸ್ದೆ. ಇನ್ನು ನೀ ಕೂತ್ರೂ ಒಂದೇ, ಬಿಟ್ರೂ ಒಂದೇ."

ಮಹಾಲಕ್ಷ್ಮೀ ಮಗಳನ್ನು ಒಳಗೆ ಕರೆದುಕೊಂಡು ಹೋದರು. ಯಾರೂ ಬಯ್ಯಲಿಲ್ಲ, ಯಾರೂ ಕೂರಿ ಎನ್ನಲೂ ಇಲ್ಲ. ಗಂಡ ಹೆಂಡತಿ ರಸ್ತೆಗೆ ನಡೆದು ಬಂದು ಕುಮಟಾದ ಬಸ್ಸು ಹತ್ತಿದರು.

ಬಸ್ಸಿಗಿಂತ ಸುದ್ದಿಗೆ ಕಾಲು ಜಾಸ್ತಿ. ದೀವಗಿ ದಾಟುವುದರೊಳಗೆ ವಿನೋದನ ಫೋನು ಬಡಿದುಕೊಳ್ಳತೊಡಗಿತು. ಮುರ್ಡೇಶ್ವರದ ವಿಶ್ವನಾಥ, ಶ್ರಾವಣದಲ್ಲಿ ಬಕೆಟ್ಟು ಒಯ್ದವನು. ವಿನೋದ ಕಿವಿಗಿಟ್ಟುಕೊಂಡ. ಅತ್ತಣ ದೊಡ್ಡ ಸ್ವರ ಕಲ್ಪನಾಳಿಗೂ ಕೇಳಿಸುತ್ತಿತ್ತು. ನನ್ನದರ ಕೆಳಗೆ ಕೂತಾಗಲೂ ಹೀಗೇ ಗೊತ್ತಿದ್ದು ಕೂತಿದ್ದೆಯಾ ಎಂದು ಅವನು ಕೇಳುತ್ತಿದ್ದ. ವಿನೋದ ಫೋನನ್ನು ಹೆಂಡತಿಯ ಮಡಿಲಲ್ಲಿ ಇಟ್ಟ.

ಕಲ್ಪನಾ ಎತ್ತಿಕೊಂಡಳು. "ವಿಶ್ವನಾಥಣ್ಣ, ಅದು ನಾ ಮಾಡಿದ್ದು. ಯಾವ ಕಡ್ಡಿ ಹಾಕಿದ್ದೆ ಅಂತ ಈಗ ಹೇಳೂಕೆ ಬರೂದಿಲ್ಲ. ನಾ ಬಂದು ನೋಡೂವರೆಗೆ ಎತ್ತಬೇಡಿ."

"ಹಂಗಾರೆ ಆವತ್ತು ಅವ ಕೂತದ್ದು ಎಂತಕ್ಕೆ?"

ಅವಳು ಗಂಡನ ಕಡೆ ನೋಡಿದಳು. ಅವನು ಕಿಟಕಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದ.

"ಆವತ್ತು ನನ್ನ ನಂಬಿ ಕೂತಿದ್ರು" ಎಂದಳು. "ಇವತ್ತು ನಿಮಗೆಲ್ಲ ಹೆದರಿ ಕೂತ್ರು."