ಸತ್ತ ಬಟನ್

ಲಿಫ್ಟ್ ರಿಪೇರಿ ಕಂಪನಿಯ ಮ್ಯಾನೇಜರಿಗೆ ಆಫೀಸಿನವರು ಇಟ್ಟ ಹೆಸರು ಹೌದಪ್ಪ. ಮಾಲೀಕರು ಸೀನಿದರೂ "ಹೌದು ಸರ್" ಅನ್ನುವ ಪ್ರಾಣಿ. ದೂರು ಕಡಿಮೆಯಾಗಬೇಕು ಎಂದು ಮಾಲೀಕರು ಅಂದಿದ್ದೇ ತಡ, ವೆಬ್‌ಸೈಟ್ ನೋಡಿಕೊಳ್ಳುವ ಹುಡುಗಿಯ ಮೇಜಿನ ಮುಂದೆ ಬಂದು ನಿಂತ.

"ದೂರಿನ ಫಾರಂನಲ್ಲಿ 'ಲಿಫ್ಟ್ ನಿಂತಿದೆ' ಅಂತ ಆರಿಸಿದರೆ ಕಳಿಸೋ ಬಟನ್ ಕೆಲಸ ಮಾಡಬಾರದಮ್ಮ. 'ಧೂಳಿದೆ' ಅಂದ್ರೆ ಮಾಡಲಿ."

"ನಿಂತ ಲಿಫ್ಟು?"

"ದೂರೇ ಬರಲಿಲ್ಲ ಅಂದ್ಮೇಲೆ ಎಲ್ಲಿ ನಿಂತಿದೆ?"

ಅವಳು ಮನಸ್ಸಿನಲ್ಲೇ ಉಗಿದಳು; ಕೈ ಮಾತ್ರ ಹೇಳಿದ್ದನ್ನು ಮಾಡಿತು. ಮೊದಲ ಪುಟದಲ್ಲಿ ಆರಿಸಿದ್ದನ್ನು ನೋಡಿ ಸರ್ವರ್ ಎರಡನೇ ಪುಟ ಕಟ್ಟಿ ಕಳಿಸುತ್ತಿತ್ತು. ಅಲ್ಲೊಂದು ಷರತ್ತು ಸೇರಿಸಿದಳು: ಲಿಫ್ಟ್ ನಿಂತಿದ್ದರೆ ಬಟನ್ ಡಿಸೇಬಲ್ಡ್. ಬಟನ್ ಸತ್ತೇ ಹುಟ್ಟತೊಡಗಿತು. ದೂರುಗಳು ನಿಂತವು. ಹೌದಪ್ಪ ಬೆನ್ನು ತಟ್ಟಿಸಿಕೊಂಡು ಬಂದ.

ಒಂದು ಮಧ್ಯಾಹ್ನ ಚಿಕ್ಕಮ್ಮನ ಫೋನ್. ಇರುವುದು ಆರನೇ ಮಹಡಿ, ಮರುದಿನವೇ ಮಂಡಿ ಆಪರೇಷನ್.

"ಲಿಫ್ಟ್ ನಿಂತಿದೆ ಕಣೇ. ನಿಮ್ಮ ಫಾರಂನ ಬಟನ್ ಎಷ್ಟು ಕುಟ್ಟಿದರೂ ಗುಂಡುಕಲ್ಲಿನ ಹಾಗೆ ಕೂತಿದೆ. ಯಾವ ಬೃಹಸ್ಪತಿ ಮಾಡಿದ್ದು?"

"ನಾನೇ, ಚಿಕ್ಕಮ್ಮ."

"ಹಾಗಾದ್ರೆ ನೀನೇ ಬಂದು ನನ್ನ ಹೊತ್ಕೊಂಡು ಇಳಿಸು."

ದೂರಿನ ನಂಬರಿಲ್ಲದೆ ಮೆಕ್ಯಾನಿಕ್ ಕದಲುವಂತಿರಲಿಲ್ಲ. ಅದೂ ಹೌದಪ್ಪನದೇ ನಿಯಮ. ಅವನನ್ನೇ ಕೇಳಿದಳು.

"ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ. ಧೂಳು ಅಂತ ಹಾಕೋಕೆ ಹೇಳಮ್ಮ."

"ಪೊರಕೆಯವನು ಬರ್ತಾನೆ, ಸರ್."

"ಬರಲಿ ಬಿಡು. ಯಾರೋ ಒಬ್ಬರು ಬಂದರಲ್ಲ!"

ಈ ತಲೆಯೊಳಗೂ ಯಾರಾದರೂ ಪೊರಕೆ ಆಡಿಸಬಾರದೇ ಅನ್ನಿಸಿತು ಅವಳಿಗೆ. ವಾಪಸ್ ಬಂದು ಕೂತು ಆ ಷರತ್ತನ್ನು ಅಳಿಸಿ ಹಾಕಿದಳು. "ಚಿಕ್ಕಮ್ಮ, ಮೊದಲಿಂದ ತುಂಬಿ ಒತ್ತಿ."

ಚಿಕ್ಕಮ್ಮನ ದೂರು ಬಂತು, ಮೆಕ್ಯಾನಿಕ್ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಅದರ ಬೆನ್ನಿಗೇ ಊರಲ್ಲಿ ನಿಂತ ಲಿಫ್ಟುಗಳೆಲ್ಲ ಬಾಯಿ ಬಿಟ್ಟವು. ಹೌದಪ್ಪ ಬೆಂಕಿ ತುಳಿದವನಂತೆ ಓಡಿಬಂದ.

"ಯಾರು ತೆಗೆದದ್ದು? ಈಗಲೇ ವಾಪಸ್ ಹಾಕಮ್ಮ!"

"ನೀವೇ ಹಾಕಿ ಸರ್." ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಅವನು ಕೂತ. ಪರದೆಯನ್ನು ಕಿನ್ನರಿ ಕೇಳುವ ಕೋಣದಂತೆ ನೋಡಿದ. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಇಷ್ಟು ದಿನ ಈ ದೂರುಗಳೆಲ್ಲ ಎಲ್ಲಿ ಸತ್ತಿದ್ದವು ಎಂದು ಮಾಲೀಕರು ಅರಚುತ್ತಿದ್ದದ್ದು ಅವಳಿಗೂ ಕೇಳಿಸಿತು.

"ಹೌದು ಸರ್, ಬಟನ್ನೇ ಕೆಟ್ಟಿತ್ತು ಸರ್. ನಾನೇ ಪಕ್ಕದಲ್ಲಿ ಕೂತು ಸರಿ ಮಾಡಿಸಿದೆ, ಸರ್."

ಸಂಜೆ ಚಿಕ್ಕಮ್ಮ ಫೋನ್ ಮಾಡಿದಳು. "ಇಳಿದೆ ಕಣೇ. ನಿಮ್ಮ ಮ್ಯಾನೇಜರಿಗೊಂದು ಥ್ಯಾಂಕ್ಸ್ ಹೇಳಲೇನೇ?"

"ಅದಕ್ಕೆ ಫಾರಂ ಇಲ್ಲ, ಚಿಕ್ಕಮ್ಮ," ಅಂದಳು.