ಬಾಯಿ ಮುಚ್ಚಿ ಎತ್ತಿದ ಕಲ್ಲು

ಮಸ್ಕಿಯಲ್ಲಿ ಭಾರ ಎತ್ತುವವರು ಬೇಕಾದಷ್ಟು ಜನ ಇದ್ದರು. ಎತ್ತಿಸುವವನು ಮಾತ್ರ ಬಾಲಪ್ಪ ಒಬ್ಬನೇ. ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ಕೂರಬೇಕು. ಅವನು 'ಐಸಾ' ಎಂದರೆ ಉಳಿದವರು 'ಹೈಸಾ' ಎಂದು ಒಂದೇ ಉಸಿರಿಗೆ ಏಳಬೇಕು. ಇಳಿಸುವಾಗಲೂ ಅದೇ ಕೂಗು, ನಾಲ್ಕು ಓಣಿಗೆ ಕೇಳುವಂಥದ್ದು. ಇಪ್ಪತ್ತು ವರ್ಷದಲ್ಲಿ ಅವನ ಕೈಕೆಳಗೆ ಒಬ್ಬನ ಸೊಂಟವೂ ಉಳುಕಿರಲಿಲ್ಲ.

ರಜಾಕಾರರ ಗದ್ದಲ ಅಡಗಿ ನಾಲ್ಕು ವರ್ಷವಾಗಿತ್ತು. ಸಾಹುಕಾರ ಬಸವಂತರಾಯರು ಮನೆಯ ಹಿಂದೆ ಹೂದೋಟ ಮಾಡಿಸುತ್ತಿದ್ದರು. ಸಂಜೆ ಕೂರಲು ಅವರಿಗೊಂದು ಹಾಸುಗಲ್ಲು ಬೇಕಂತೆ, ಅದೂ ಆಳುದ್ದದ್ದು! ನಾಲ್ಕು ಜನ ಹೊರಬೇಕು. ಬಾಲಪ್ಪನ ಜೋಡಿ ಬಂದೇಸಾಬ ಆಗಷ್ಟೇ ಜ್ವರದಿಂದ ಎದ್ದಿದ್ದ. ಕರೆಯಲು ಬಂದ ಬಾಲಪ್ಪನಿಗೆ ಬಂದೇಸಾಬನ ಹೆಂಡತಿ ಸಕೀನಾಬೀ ಬಾಗಿಲಲ್ಲೇ ಅಡ್ಡ ನಿಂತಳು.

"ಬ್ಯಾಡಣ್ಣಾ, ಕಾಲಾಗ ಕಸುವಿಲ್ಲ ಅವರಿಗೆ."

"ನಾ ಹೇಳಿದಾಗ ಎದ್ದು, ಹೇಳಿದಾಗ ಕುಂತ್ರ ಸಾಕು ತಂಗಿ. ಹೆಂಗ ಕರ್ಕೊಂಡು ಹೊಂಟೀನೋ ಹಂಗ ತಂದು ಬಿಡ್ತೀನಿ."

ತೋಟ ಅವಳ ಮನೆಗೆ ಕೂಗಳತೆಯಲ್ಲೇ ಇತ್ತು. ಬಾಲಪ್ಪನ ಕೂಗೆಂದರೆ ಅವಳಿಗೂ ಧೈರ್ಯ. "ನಿನ್ನ ಕೂಗು ಕೇಳಿದ ಮ್ಯಾಲ ರೊಟ್ಟಿ ತರ್ತೀನಿ" ಎಂದು ದಾರಿ ಬಿಟ್ಟಳು.

ಕಲ್ಲಿಗೆ ಹಗ್ಗ ಬಿಗಿದು ಎರಡು ಬೊಂಬು ತೂರಿಸಿದರು. ಒಂದು ಬೊಂಬಿಗೆ ಇಬ್ಬರು ಆಳುಗಳು, ಇನ್ನೊಂದಕ್ಕೆ ಮುಂದೆ ಬಂದೇಸಾಬ, ಹಿಂದೆ ಬಾಲಪ್ಪ. ಬಾಲಪ್ಪ ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರರ ಕಾರಭಾರಿ ಜಂಬಣ್ಣ ಓಡಿ ಬಂದ.

"ಏ ಬಾಲ್ಯಾ! ಸಾಹುಕಾರ್ರು ಪೂಜಿಗೆ ಕುಂತಾರ. ಸಪ್ಪಳ ಮಾಡಿದಿ ಅಂದ್ರ ನೋಡು ಮತ್ತ."

"ಹಂಗಾರ ಪೂಜಿ ಮುಗೀಲಿ ಬಿಡ್ರಿ. ಕೂಗಲಾರದ ಎತ್ತಾಕ ಬರಂಗಿಲ್ರೀ."

"ಕಲ್ಲು ಕೈಲೆ ಎತ್ತತೀಯೋ, ಬಾಯಿಲೆ ಎತ್ತತೀಯೋ? ಆಗಂಗಿಲ್ಲಂದ್ರ ನಡಿ, ಬ್ಯಾರೇವ್ರು ಅದಾರ."

ಆಗಲೇ ಬಾಲಪ್ಪ ಎದ್ದು ಹೋಗಬೇಕಿತ್ತು. ಹೋಗಲಿಲ್ಲ ಪುಣ್ಯಾತ್ಮ! ದೊಡ್ಡವರ ಹಿತ್ತಲಲ್ಲಿ ಅವನೂ ತಲೆಬಾಗಿದ. "ನಾ ಬೊಂಬು ಬಡಿತೀನಿ. ಒಮ್ಮೆ ಬಡಿದ್ರ ಏಳ್ರಿ, ಇನ್ನೊಮ್ಮೆ ಬಡಿದ್ರ ಕುಂದರ್ರಿ" ಎಂದು ಪಿಸುಗುಟ್ಟಿದ.

ಎದ್ದದ್ದೇನೋ ಸರಿಯಾಗಿಯೇ ಎದ್ದರು. ಕಲ್ಲು ಇಳಿಸಬೇಕಿದ್ದ ಮಲ್ಲಿಗೆ ಪಾತಿಗೆ ಇನ್ನು ನಾಲ್ಕು ಹೆಜ್ಜೆ ಇರುವಾಗ ಬಾಲಪ್ಪನ ಕೈ ಬೆವರಿಗೆ ಜಾರಿತು. ಮತ್ತೆ ಹಿಡಿಯಹೋದಾಗ ಅಂಗೈ ಬೊಂಬಿಗೆ ಬಡಿಯಿತು. ಹೇಳಿದ ಮಾತು ಮೀರದ ಬಂದೇಸಾಬ ತಟ್ಟನೆ ಕೂತ. ಆ ಸಣ್ಣ ಪೆಟ್ಟು ಇನ್ನೊಂದು ಬೊಂಬಿನವರಿಗೆ ತಿಳಿಯಲಿಲ್ಲ; ಅವನೊಬ್ಬನೇ ಕೂತ. ಕಲ್ಲು ಅವನ ಕಡೆಗೇ ವಾಲಿ, ಹಗ್ಗದಿಂದ ಜಾರಿ, ಮಡಚಿದ ಕಾಲಿನ ಮೇಲೆ ಬಿತ್ತು.

ಅಷ್ಟಾದರೂ ಬಂದೇಸಾಬ ಕಿರುಚಲಿಲ್ಲ. ಒಳಗೆ ಪೂಜೆ ನಡೆದಿದೆಯಲ್ಲ! ರುಮಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ.

ಅದನ್ನು ನೋಡಿ ಬಾಲಪ್ಪ ಬೊಂಬು ಬಿಸಾಡಿ ಓಡಿ ಬಂದ. ಪೂಜೆಯ ಮನೆ ಹಾಳಾಗಲಿ! ಕಲ್ಲಿನ ಕೆಳಗೆ ಕೈ ತೂರಿಸಿ, ತೋಟ ನಡುಗುವಂತೆ "ಐಸಾ!" ಎಂದ. ಆಳುಗಳು "ಹೈಸಾ" ಎಂದರು. ಜಂಬಣ್ಣನೂ ಕೈ ಹಚ್ಚಿ ಅವರ ಜೊತೆ ಕೂಗಿದ. ಕಲ್ಲು ಎದ್ದಿತು. ಮೊಣಕಾಲಿನ ಕೆಳಗೆ ಕಾಲೆಂಬುದು ಉಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸಕೀನಾಬೀ ರೊಟ್ಟಿ ಗಂಟು ಹಿಡಿದು ನಿಧಾನಕ್ಕೆ ಹಿತ್ತಲ ಬಾಗಿಲಿಗೆ ಬಂದಳು. ಬಾಲಪ್ಪ ಎದುರಿಗೆ ಹೋಗಿ, ಅವಳಿಗೆ ಒಳಗಿನದು ಕಾಣದಂತೆ ಅಡ್ಡ ನಿಂತ.

"ನಿನ್ನ ಕೂಗು ಈಗ ಕೇಳ್ತಣ್ಣಾ," ಅಂದಳು ಅವಳು ನಗುತ್ತ. "ಇಷ್ಟೊತ್ತಿನ ಮ್ಯಾಲ ಕೆಲಸ ಸುರು ಮಾಡಿದ್ರೇನು?"