ಹಳದಿ ಕಂಬದ ಬೀಗ

ಚಳಿಗಾಲಕ್ಕೆಂದು ಎಲೆಕೋಸಿನ ಕಿಮ್ಚಿ ಹಾಕುವ ಭಾನುವಾರ ನಮ್ಮ ಮನೆಯಲ್ಲಿ ಜಗಳವಿಲ್ಲದೆ ಮುಗಿದದ್ದೇ ಇಲ್ಲ. ನನ್ನ ಹೆಂಡತಿ ಇದ್ದಾಗ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳ. ಅವಳು ಹೋದ ಮೇಲೆ ಅದೇ ಜಗಳವನ್ನು ಮಗಳು ಯೊನ್‌ಸಿಲ್ ಮುಂದುವರಿಸಿಕೊಂಡು ಬಂದಳು. ಆ ವರ್ಷವೂ ನವೆಂಬರ್ ತಿಂಗಳಲ್ಲಿ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಮೊಣಕೈವರೆಗೆ ಕೆಂಪು ರಬ್ಬರ್ ಗವಸು ತೊಟ್ಟು, ಉಪ್ಪಿನಲ್ಲಿ ನೆನೆದ ಎಲೆಕೋಸಿನ ಎಲೆ ಎಲೆಯ ಸಂದಿಗೂ ಮೆಣಸಿನ ಖಾರ ಮೆತ್ತುತ್ತ ಕೂತಿದ್ದೆವು.

"ಅಪ್ಪಾ, ಮೆಲ್ಲಗೆ ಮೆತ್ತು ಅಂದ್ರೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳೀತೀಯಲ್ಲ!"

"ನಿಮ್ಮಮ್ಮನೂ ಹೀಗೇ ಅಂತಿದ್ಲು. ತಿನ್ನುವಾಗ ಮಾತ್ರ ಎರಡು ಸಲ ಹಾಕ್ಕೊಂಡು ತಿಂತಿದ್ಲು."

ಅಳಿಯ ತೇಗ್ಯು ನಕ್ಕ. ಒಂದೆರಡು ಗಂಟೆಯಾದ ಮೇಲೆ ನಾನೂ ಮಗಳೂ ಸೊಂಟ ಹಿಡಿದುಕೊಂಡು ಎದ್ದರೂ ಅವನು ಏಳಲಿಲ್ಲ. "ಎದ್ರೇ ನೋವು ಮಾವ. ಬಗ್ಗಿ ಕೂತ್ರೇ ಹಾಯಾಗಿರುತ್ತೆ" ಎಂದ. ಮದುವೆಯಾದ ಹೊಸದರಲ್ಲಿ ನಮ್ಮ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ದಿನಕ್ಕೊಮ್ಮೆಯಾದರೂ ತಲೆ ಬಡಿಸಿಕೊಳ್ಳುತ್ತಿದ್ದ ಆಳು ಅವನು. ಅಷ್ಟು ಉದ್ದ. ಆ ದಿನ ಕಿಮ್ಚಿಯ ಡಬ್ಬ ಹೊತ್ತುಕೊಂಡು ಅದೇ ಬಾಗಿಲಲ್ಲಿ ನಾಲ್ಕು ಸಲ ಓಡಾಡಿದ, ಒಮ್ಮೆಯೂ ಬಡಿಯಲಿಲ್ಲ. ನಾನು ನೋಡಿದೆ, ಯೊನ್‌ಸಿಲ್ ಕೂಡ ನೋಡಿದಳು.

ನನ್ನ ಹೆಸರು ಪ್ಯೊ ದುಕ್‌ಸು. ಇಂಚೊನ್ ಊರಂಚಿನ ಒಂದು ದೊಡ್ಡ ವಸತಿ ಸಮುಚ್ಚಯದ ಗೇಟಿನಲ್ಲಿ ಕಾವಲುಗಾರನಾಗಿದ್ದೆ. 101ರಿಂದ 111ರವರೆಗೆ ನಂಬರು ಬರೆದ ಹನ್ನೊಂದು ಕಟ್ಟಡ, ನಡುವೆ ಪೈನ್ ಮರಗಳು, ಕೊಳ, ಮಕ್ಕಳ ಜಾರುಬಂಡೆ. ಅರವತ್ತು ದಾಟಿದವರಿಗೆ ಇಂಥ ಕೆಲಸ ಸಿಕ್ಕರೆ ಪುಣ್ಯ. ಆದರೆ ಒಪ್ಪಂದ ಮೂರು ಮೂರು ತಿಂಗಳಿಗೆ. ಮೂರನೆಯ ತಿಂಗಳ ಕೊನೆಗೆ ಯಾರಿಗಾದರೂ ನಮ್ಮ ನಮಸ್ಕಾರ ಸಾಲದೆನಿಸಿದರೆ ಅಲ್ಲಿಗೆ ಮುಗಿಯಿತು. ನಮ್ಮ ಕಡೆ ಇದಕ್ಕೆ ನೊಣದ ಜೀವ ಅನ್ನುತ್ತಾರೆ.

ತೇಗ್ಯು ಅದೇ ಸಮುಚ್ಚಯಕ್ಕೆ ಪಾರ್ಸೆಲ್ ಹಂಚುತ್ತಿದ್ದ. ಕಂಪನಿಯ ಕಾಗದದಲ್ಲಿ ಅವನು ನೌಕರನಲ್ಲ, ಸ್ವಂತ ಗಾಡಿಯ ಯಜಮಾನ. ಬೈಯುವುದಕ್ಕೆ ಫೋನ್ ಮಾಡಿದರೂ "ಯಜಮಾನರೇ" ಎಂದೇ ಕರೆದು ಬೈಯುತ್ತಿದ್ದರು. ಯಜಮಾನನಿಗೆ ರಜೆಯಿಲ್ಲ. ಜ್ವರ ಬಂದರೆ ತನ್ನ ಬದಲಿಗೆ ಇನ್ನೊಬ್ಬನನ್ನು ತಾನೇ ಹುಡುಕಿ, ತಾನೇ ಕೂಲಿ ಕೊಟ್ಟು ಕಳಿಸಬೇಕು. "ಎಂಥ ಯಜಮಾನಿಕೆ ಮಾವ! ಹೊಟ್ಟೆನೋವಿಗೂ ನಾನೇ ನನಗೆ ಅರ್ಜಿ ಕೊಡ್ಬೇಕು, ನಾನೇ ಆಗಲ್ಲ ಹೋಗಯ್ಯ ಅನ್ಬೇಕು" ಎಂದು ತಮಾಷೆ ಮಾಡುತ್ತಿದ್ದ.

ಇನ್ನು ನಮ್ಮ ಸಮುಚ್ಚಯದ ಗಾಡಿ ನಿಯಮದ ಮಾತು. ಓದುವವರಲ್ಲಿ ಕೆಲವರಾದರೂ ಇಂಥ ಕಡೆ ವಾಸವಾಗಿರಬಹುದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ನೆಲದ ಮೇಲೆ ಗಾಡಿ ಬರಕೂಡದು. ಮಕ್ಕಳು ಆಡುತ್ತಾರೆ, ಮುದುಕರು ನಡೆದಾಡುತ್ತಾರೆ, ನೋಟವೂ ಕೆಡಬಾರದು. ಗಾಡಿಗಳೆಲ್ಲ ನೆಲಮಾಳಿಗೆಗೆ ಇಳಿಯಬೇಕು. ನೆಲಮಾಳಿಗೆಯ ಬಾಯಲ್ಲಿ ಸರಪಳಿಗೆ ತೂಗುಬಿಟ್ಟ ಕಬ್ಬಿಣದ ಅಡ್ಡಪಟ್ಟಿ, ಅದರ ಮೇಲೆ "ಎತ್ತರ 2.3 ಮೀಟರ್" ಎಂಬ ಬರಹ. ಪಾರ್ಸೆಲ್ ಗಾಡಿ ಅದಕ್ಕಿಂತ ಎತ್ತರ. ಮೊದಲ ಆರು ತಿಂಗಳು ತೇಗ್ಯು ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಹನ್ನೊಂದು ಕಟ್ಟಡಕ್ಕೂ ತಳ್ಳುಗಾಡಿಯಲ್ಲಿ ಎಳೆದ. ಕತ್ತಲಾದರೂ ಮುಗಿಯುತ್ತಿರಲಿಲ್ಲ. ಆಮೇಲೆ ಎಲ್ಲರಂತೆ ಅವನೂ ಗಾಡಿಯ ಪೆಟ್ಟಿಗೆಯನ್ನು ಕತ್ತರಿಸಿ ತಗ್ಗು ಮಾಡಿಸಿದ. ಒಳಗೆ ನಿಂತರೆ ಛಾವಣಿ ಅವನ ಎದೆಗೆ ಬರುತ್ತಿತ್ತು, ಆದ್ದರಿಂದ ನಿಲ್ಲುವ ಮಾತೇ ಇಲ್ಲ. ದಿನಕ್ಕೆ ಇನ್ನೂರೈವತ್ತು ಪೆಟ್ಟಿಗೆಗಳನ್ನು ಮಂಡಿಯೂರಿ, ಕುಕ್ಕರಗಾಲಲ್ಲಿ, ಕತ್ತು ಸೊಟ್ಟ ಮಾಡಿಕೊಂಡು ಎತ್ತಬೇಕು.

ನೆಲದ ಮೇಲಿನ ದಾರಿಗೆ ಅಡ್ಡವಾಗಿ ಒಂದು ಹಳದಿ ಕಂಬ. ಬೀಗ ತೆಗೆದರೆ ಮಡಚಿಕೊಂಡು ನೆಲಕ್ಕೆ ಮಲಗುತ್ತದೆ. ಅದರ ಬೀಗದ ಕೈ ನನ್ನ ಸೊಂಟದಲ್ಲಿ.

ಯೊನ್‌ಸಿಲ್ ಒಮ್ಮೆ ಗೇಟಿಗೇ ಬಂದಳು. ನಿವಾಸಿಗಳ ಸಂಘದ ಅಧ್ಯಕ್ಷ ಯೊಮ್ ಅವರು ನನ್ನ ಕೋಣೆಯಲ್ಲಿ ಕೂತು ಬಾರ್ಲಿ ಚಹಾ ಕುಡಿಯುತ್ತಿದ್ದರು. ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಕೆಟ್ಟವರಲ್ಲ, ಚುಸೊಕ್ ಹಬ್ಬಕ್ಕೆ ನನಗೆ ಒಂದು ಬುಟ್ಟಿ ಪೇರ್ ಹಣ್ಣು ಕೊಡುತ್ತಿದ್ದರು.

"ಅಧ್ಯಕ್ಷರೇ, ಬೆಳಿಗ್ಗೆ ಮಕ್ಕಳೆಲ್ಲ ಶಾಲೇಲಿರ್ತಾರೆ. ಆ ಮೂರು ಗಂಟೆ ಮಾತ್ರ ಮೇಲೆ ಬಿಡಿ" ಎಂದಳು ಯೊನ್‌ಸಿಲ್. "ನಡೆಯೋ ವೇಗದಲ್ಲಿ ಬರಲಿ. ಬೇಕಿದ್ರೆ ಗಾಡಿ ಮುಂದೆ ನಾನೇ ನಡೀತೀನಿ."

"ನೋಡಮ್ಮಾ, ಇವತ್ತು ಪಾರ್ಸೆಲ್ಲು ಅಂತೀಯ, ನಾಳೆ ಪೀಠೋಪಕರಣದವನು ಬರ್ತಾನೆ. ಒಂದು ಸಲ ತೂತು ಬಿದ್ರೆ ಅಣೆಕಟ್ಟೇ ಹೋಗುತ್ತೆ. ನಿನ್ನ ಗಂಡನಿಗೆ ಕಷ್ಟ ಆದ್ರೆ ಬೇರೆ ಕಡೆ ಹಂಚ್ಲಿ. ಯಾರು ಬೇಡ ಅಂದ್ರು? ಅವರವರ ಇಷ್ಟದ ಕೆಲಸ ತಾನೇ."

"ಈ ಜಾಗ ಬಿಟ್ರೆ ಕಂಪನಿ ಇನ್ನೊಂದು ಕೊಡಲ್ಲ. ನಿಮ್ಮ ಮನೇಗೇ ವಾರಕ್ಕೆ ನಾಲ್ಕು ಪೆಟ್ಟಿಗೆ ಬರುತ್ತೆ. ಪೆಟ್ಟಿಗೆ ಬೇಕು, ತರೋನು ಕಣ್ಣಿಗೆ ಬೀಳಬಾರ್ದು ಅಂದ್ರೆ ಹೇಗೆ?"

ಅವರ ಮುಖ ಕೆಂಪಾಯಿತು. ಆಗ ನಾನು ಏನು ಮಾಡಿದೆ ಗೊತ್ತೇ? ಹೆತ್ತ ಮಗಳನ್ನೇ ಗದರಿದೆ. "ದೊಡ್ಡವರ ಹತ್ರ ಹೀಗಾ ಮಾತಾಡೋದು? ಮನೆಗೆ ನಡಿ!" ಅಂದೆ. ಅಧ್ಯಕ್ಷರಿಗೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ಥೂ, ನನ್ನ ಬಾಯಿಗೆ ಮಣ್ಣು ಹಾಕ!

ಹಿಂದಿನ ಕಾಲದಲ್ಲಿ ಕಿಮ್ಚಿಗೆ ಎಲೆಕೋಸನ್ನು ಮನೆಯಲ್ಲೇ ಉಪ್ಪು ಹಾಕಿ ನೆನೆಸುತ್ತಿದ್ದೆವು. ಈಗ ಎಲ್ಲರೂ ಹಳ್ಳಿಯಿಂದ ಉಪ್ಪು ಹಾಕಿದ್ದನ್ನೇ ತರಿಸುತ್ತಾರೆ. ಒಂದೊಂದು ಪೆಟ್ಟಿಗೆ ಇಪ್ಪತ್ತು ಕಿಲೊ, ನೀರು ಸೋರಿ ತಳ ಒದ್ದೆಯಾಗಿರುತ್ತದೆ, ತಬ್ಬಿಕೊಂಡೇ ಎತ್ತಬೇಕು. ನಮ್ಮ ಮನೆಯ ಕಿಮ್ಚಿಯಾದ ಮೂರನೆಯ ದಿನ, ಬುಧವಾರ, ಬೆಳಿಗ್ಗೆ ಹತ್ತೂವರೆಗೆ ತೇಗ್ಯು ಗೇಟಿನಲ್ಲಿ ಗಾಡಿ ನಿಲ್ಲಿಸಿ ನನ್ನ ಕಿಟಕಿಗೆ ಬಂದ. ಮುಖ ಬೂದಿಯ ಬಣ್ಣಕ್ಕಿತ್ತು.

"ಮಾವ, ಇವತ್ತು ಎಲೆಕೋಸೇ ಅರವತ್ತಮೂರು ಪೆಟ್ಟಿಗೆ. ಇವತ್ತೊಂದಿನ ಕಂಬ ಇಳಿಸಿ. ಮೇಲಿಂದ ಹೋದ್ರೆ ಬಾಗಿಲ ಹತ್ರಾನೇ ಇಳಿಸ್ಬಹುದು. ಕೆಳಗಾದ್ರೆ ಕಾರುಗಳನ್ನ ಸುತ್ತಿ ಲಿಫ್ಟ್‌ವರೆಗೆ ಹೊರಬೇಕು. ಎದೆ ಯಾಕೋ ಹಿಂಡಿದ ಹಾಗಾಗ್ತಿದೆ."

ನನ್ನ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈ ಮುಟ್ಟಿದೆ. ಆ ತಿಂಗಳ ಕೊನೆಗೆ ನನ್ನ ಒಪ್ಪಂದ ಮುಗಿಯುತ್ತಿತ್ತು.

"ಬೇಡಪ್ಪ. ಕ್ಯಾಮೆರಾ ಇದೆ. ತಿಂಗಳು ಕಳೀಲಿ, ಆಮೇಲೆ ನೋಡೋಣ. ಸ್ವಲ್ಪ ಚಹಾ ಕುಡಿ."

"ಸರಿ ಮಾವ" ಎಂದು ನಕ್ಕ. ಚಹಾ ಕುಡಿಯಲಿಲ್ಲ. ನಾನು ಎಂದಿನಂತೆ ಕೈ ಎತ್ತಿ ನೆಲಮಾಳಿಗೆಯ ಕಡೆ ತೋರಿಸಿದೆ, ಅವನ ಗಾಡಿ ಇಳಿದುಹೋಯಿತು.

ಮುಕ್ಕಾಲು ಗಂಟೆಯಾಗಿತ್ತೋ ಏನೋ, ಕಾರು ತೆಗೆಯಲು ಹೋದ ಹೆಂಗಸೊಬ್ಬಳು ಕೂಗಿಕೊಂಡು ಓಡಿಬಂದಳು. "ಕಾವಲಿನವರೇ! ಕೆಳಗೆ ಪಾರ್ಸೆಲ್ಲಿನವನು ಗಾಡಿಯೊಳಗೇ ಬಿದ್ದಿದಾನೆ!" ಓಡಿದೆ. ಅವನು ಪೆಟ್ಟಿಗೆಗಳ ನಡುವೆ ಮಂಡಿಯೂರಿದವನು ಹಾಗೆಯೇ ಮುಂದಕ್ಕೆ ಕುಸಿದಿದ್ದ, ತೋಳಿನಲ್ಲಿ ಒಂದು ಎಲೆಕೋಸಿನ ಪೆಟ್ಟಿಗೆ. ಉಸಿರು ಗೊರಗೊರ ಎನ್ನುತ್ತಿತ್ತು. ಎಳೆದು ಮಲಗಿಸಬೇಕೆಂದರೆ ನನಗೂ ಒಳಗೆ ನಿಲ್ಲಲಾಗದು. ಆ ಹೆಂಗಸು ಅವನನ್ನು ಹಿಡಿದುಕೊಂಡಳು. ನಾನು ಆಂಬುಲೆನ್ಸಿಗೆ ಫೋನ್ ಮಾಡಿ, ದಾರಿ ತೋರಿಸಲು ಮತ್ತೆ ಮೇಲೆ ಗೇಟಿಗೆ ಓಡಿದೆ.

ಆಂಬುಲೆನ್ಸ್ ಬೇಗನೇ ಬಂತು. ಅದನ್ನು ಅಲ್ಲಗಳೆಯುವುದಿಲ್ಲ. ಬೀಗದ ಕೈ ಸೊಂಟದಲ್ಲಿತ್ತು, ಕಂಬ ಹತ್ತು ಹೆಜ್ಜೆಯಲ್ಲಿತ್ತು. ಕಂಬ ಮಡಚಿ ಮೇಲಿನಿಂದ ಬಿಟ್ಟಿದ್ದರೆ 103 ನಂಬರಿನ ಕಟ್ಟಡದ ಮೆಟ್ಟಿಲ ಬಳಿಗೇ ಹೋಗುತ್ತಿತ್ತು. ತೇಗ್ಯು ಬಿದ್ದದ್ದು ಆ ಮೆಟ್ಟಿಲ ಕೆಳಗೇ. ಆದರೆ ಬೆನ್ನ ಮೇಲೆ ಪೆಟ್ಟಿಗೆಯಿರುವ ಬಿಳಿ ಗಾಡಿ ಕಂಡಾಗಲೆಲ್ಲ ಎರಡು ವರ್ಷ ಒಂದೇ ಕಡೆ ತೋರಿಸಿದ ಕೈ ಇದು, ಆಂಬುಲೆನ್ಸೂ ಅಂಥದೇ ಬಿಳಿ ಗಾಡಿ. ನಾನು ಯೋಚಿಸುವ ಮೊದಲೇ ಅದು ಮೇಲೆದ್ದು ನೆಲಮಾಳಿಗೆಯ ಕಡೆ ತಿರುಗಿತು. "ಕೆಳಗೆ, ಕೆಳಗೆ!"

ಆಂಬುಲೆನ್ಸ್ ಇಳಿಯಿತು. ಅದರ ತಲೆಯ ದೀಪ ಕಬ್ಬಿಣದ ಪಟ್ಟಿಗೆ ಬಡಿದು ಒಡೆದ ಸದ್ದು ಕೇಳಿಸಿತು. ಅಷ್ಟರಲ್ಲಿ ಅದರ ಹಿಂದೆ ಎರಡು ಕಾರು ನಿಂತಿದ್ದವು. ಅವು ಹಿಂದೆ ಸರಿಯುವುದಿಲ್ಲ, ಇದು ಮುಂದೆ ಹೋಗುವುದಿಲ್ಲ. ಕೊನೆಗೆ ಆಂಬುಲೆನ್ಸಿನ ಹುಡುಗರು ಸ್ಟ್ರೆಚರ್ ಹೊತ್ತು ಇಳಿಜಾರಿನಲ್ಲಿ ಓಡಿದರು, ನೆಲಮಾಳಿಗೆಯಲ್ಲಿ 103 ಎಲ್ಲಿದೆಯೆಂದು ಹುಡುಕಿದರು. ಏಳು ನಿಮಿಷ ಹೋಯಿತು.

ಆ ಏಳು ನಿಮಿಷ ಉಳಿದಿದ್ದರೆ ಬದುಕುತ್ತಿದ್ದನೇ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗದು ಎಂದರು. ಇಲ್ಲ ಎಂದು ಹೇಳಲಿಲ್ಲ. ಹಾಸಿಗೆಯ ಮೇಲೆ ಬಿಳಿ ಬಟ್ಟೆಯಡಿ ಮಲಗಿಸಿದ್ದರು. ಪಾದ ಅಂಚಿನಿಂದ ಹೊರಗೆ ಚಾಚಿತ್ತು. ಅವನು ಎಷ್ಟು ಉದ್ದದ ಆಳು ಎಂಬುದನ್ನು ನಾನು ಮರೆತೇ ಹೋಗಿದ್ದೆ.

ಮೂರು ದಿನದ ಶೋಕ ಮುಗಿದ ಮೇಲೆ ಕಂಪನಿಯವರು ಪರಿಹಾರ ಕೇಳಿದ ಯೊನ್‌ಸಿಲ್‌ಗೆ ಹೇಳಿದರು, "ಅವರು ನೌಕರರಲ್ಲಮ್ಮ, ಯಜಮಾನರು." ಅಷ್ಟೇ. ಅವಳು ಮುಂದಿನ ವಾರದ ಸಂಘದ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿದಳು. ಸಭೆಯ ಹಿಂದಿನ ದಿನ ಅಧ್ಯಕ್ಷರು ನನ್ನ ಕೋಣೆಗೆ ಬಂದು ಬರೆದು ತಂದಿದ್ದ ಒಂದು ಹಾಳೆ ಇಟ್ಟರು. ಮೃತನಿಗೆ ಮೊದಲಿಂದಲೂ ಹೃದಯದ ಕಾಯಿಲೆಯಿತ್ತು. ಆಂಬುಲೆನ್ಸ್ ತಡವಿಲ್ಲದೆ ಅವನ ಬಳಿ ತಲುಪಿತು. ಕೆಳಗೆ ನನ್ನ ಹೆಸರು, ಸಹಿಗೆ ಖಾಲಿ ಜಾಗ.

"ಪ್ಯೊ ಅವರೇ, ಸಹಿ ಹಾಕಿ. ಈ ಸಲ ಒಪ್ಪಂದ ಮೂರು ತಿಂಗಳಲ್ಲ, ವರ್ಷಕ್ಕೆ ಮಾಡಿಸ್ತೀನಿ."

"ತಡ ಆಯ್ತಲ್ಲ ಸ್ವಾಮಿ."

ಅವರು ದನಿ ತಗ್ಗಿಸಿದರು. "ಕ್ಯಾಮೆರಾದಲ್ಲಿ ನಾನು ನೋಡಿದೀನಿ. ಆ ಗಾಡೀನ ಕೆಳಗೆ ಕಳಿಸಿದ್ದು ಯಾರ ಕೈ ಅಂತ ನನಗೆ ಗೊತ್ತು. ನಿಮ್ಮ ಮಗಳಿಗೆ ಗೊತ್ತಾಗೋದು ಬೇಡ. ಪಾಪ, ಗಂಡ ಹೋದ, ಅಪ್ಪನಾದ್ರೂ ಉಳೀಲಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಒಳ್ಳೆಯದಕ್ಕೇ ಹೇಳಿದರು, ಅದರಲ್ಲಿ ನನಗೆ ಸಂಶಯವಿಲ್ಲ. ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ. ಯೊನ್‌ಸಿಲ್ ನನಗೆ ಅನ್ನ ಬಡಿಸಿ, ಆ ಭಾನುವಾರದ ಕಿಮ್ಚಿಯ ಡಬ್ಬ ತೆಗೆದಳು. ತೇಗ್ಯು ಖಾರ ಮೆತ್ತಿದ ಎಲೆಗಳು. ಆಗಷ್ಟೇ ಹದವಾಗಿ ಹುಳಿ ಬರತೊಡಗಿತ್ತು.

ಶನಿವಾರ ಬೆಳಿಗ್ಗೆ ಸಭೆ. ಮೂವತ್ತು ನಲವತ್ತು ಜನ. ಯೊನ್‌ಸಿಲ್ ಕೂದಲಿಗೆ ಶೋಕದ ಬಿಳಿ ಪಟ್ಟಿ ಸಿಕ್ಕಿಸಿಕೊಂಡು ಹಿಂದಿನ ಕುರ್ಚಿಯಲ್ಲಿದ್ದಳು. ಅಧ್ಯಕ್ಷರು ಎದ್ದು, "ಈ ದುಃಖದ ಘಟನೆಗೂ ನಮ್ಮ ನಿಯಮಕ್ಕೂ ಸಂಬಂಧವಿಲ್ಲ. ಕಣ್ಣಾರೆ ಕಂಡ ಪ್ಯೊ ಅವರೇ ಹೇಳ್ತಾರೆ" ಎಂದರು.

ನಾನು ಎದ್ದೆ.

"ನನ್ನ ಅಳಿಯ ಕಂಬ ಇಳಿಸಿ ಅಂತ ಕೇಳ್ದ. ಎದೆ ನೋಯ್ತಿದೆ ಅಂದ. ನಾನು ಇಳಿಸ್ಲಿಲ್ಲ, ಕೆಲಸ ಹೋಗುತ್ತೆ ಅಂತ ಹೆದರ್ಕೊಂಡೆ. ಆಂಬುಲೆನ್ಸ್ ಬಂದಾಗ ಅದನ್ನೂ ನಾನೇ ಕೆಳಗೆ ಕಳಿಸ್ದೆ. ಈ ಕೈ. ನಿಮ್ಮ ನಿಯಮ ಎರಡು ವರ್ಷ ಈ ಕೈಗೆ ಪಾಠ ಹೇಳಿಕೊಟ್ಟಿತ್ತು, ಅದು ಚೆನ್ನಾಗಿ ಕಲಿತಿತ್ತು. ಏಳು ನಿಮಿಷ ತಡ ಆಯ್ತು. ಈ ಹಾಳೇಲಿ ಬರೆದಿರೋದು ಸುಳ್ಳು." ಹಾಳೆಯನ್ನು ಮೇಜಿನ ಮೇಲಿಟ್ಟೆ, ಸಹಿಯಿಲ್ಲದೆ.

ಯಾರೋ ಕೆಮ್ಮಿದರು. ನನ್ನ ಕಣ್ಣು ಮಗಳ ಮೇಲೆಯೇ ಇತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಕೈಯನ್ನು ನೋಡುತ್ತಿದ್ದಳು. ಆಮೇಲೆ ಎದ್ದು ಬಂದು ನನ್ನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

"ಅಪ್ಪಾ, ಬೀಗದ ಕೈ ಇನ್ನೂ ನಿನ್ ಹತ್ರಾನೇ ಇದೆಯಾ?"

"ಇದೆ."

"ಹಾಗಾದ್ರೆ ನಡಿ. ಕೆಳಗೆ ತೋರಿಸಿದ ಆ ಕೈಯಲ್ಲೇ ಕಂಬದ ಬೀಗ ತೆಗಿ."

ಹೊರಗೆ ನಡೆದೆವು. ತೇಗ್ಯುವಿನ ಜಾಗಕ್ಕೆ ಬಂದ ಹೊಸಬ ತನ್ನ ತಗ್ಗು ಗಾಡಿಯನ್ನು ಇಳಿಜಾರಿನ ಬಾಯಲ್ಲಿ ನಿಲ್ಲಿಸಿಕೊಂಡಿದ್ದ. ಐವತ್ತರ ಆಸುಪಾಸಿನವನು, ಎಂಟು ದಿನದಲ್ಲೇ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡಿದ್ದ. ನಾನು ಬೀಗ ತೆಗೆದು ಕಂಬ ಮಲಗಿಸಿದೆ. ತುಕ್ಕು ಹಿಡಿದಿತ್ತು, ಕಾಲಲ್ಲಿ ಒದೆಯಬೇಕಾಯಿತು.

"ಈ ಕಡೆ ಬಾರಪ್ಪ" ಎಂದೆ.

ಅವನು ನಂಬಲಿಲ್ಲ. "ಅಣ್ಣ, ಆಮೇಲೆ ನನ್ನ ಜಾಗ ಕಿತ್ಕೊಂಡ್ರೆ?"

"ಮೊದಲು ನನ್ನದು ಹೋಗುತ್ತೆ. ನೀನು ಬಾ."

ಅಧ್ಯಕ್ಷರು ಬಾಗಿಲಿನಿಂದ ಕೂಗಿದರು, "ಪ್ಯೊ ಅವರೇ, ಇವತ್ತಿಗೇ ನಿಮ್ಮ ಕೆಲಸ ಮುಗೀತು!" ಅವರ ಹಿಂದೆ ಜನ ನಿಂತು ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ, ತಡೆಯಲೂ ಇಲ್ಲ. ಅಂದು ತೇಗ್ಯುವನ್ನು ಹಿಡಿದುಕೊಂಡಿದ್ದ ಆ ಹೆಂಗಸು ಮಾತ್ರ ದಾರಿಯಲ್ಲಿ ಬಿದ್ದಿದ್ದ ಒಂದು ಮಗುವಿನ ಸೈಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟಳು.

ಯೊನ್‌ಸಿಲ್ ಗಾಡಿಯ ಮುಂದೆ ನಡೆದಳು, ತಾನು ಹೇಳಿದ್ದ ಹಾಗೆಯೇ, ನಡೆಯುವ ವೇಗದಲ್ಲಿ. ಒಮ್ಮೆಯೂ ತಿರುಗಿ ನನ್ನನ್ನು ನೋಡಲಿಲ್ಲ. ಪೈನ್ ಮರಗಳ ನಡುವೆ ಅವಳ ಕೂದಲಿನ ಬಿಳಿ ಪಟ್ಟಿ, ಅದರ ಹಿಂದೆ ಗಾಡಿ, 103 ನಂಬರಿನ ಕಟ್ಟಡದ ಮೆಟ್ಟಿಲವರೆಗೂ. ಅಲ್ಲಿ ಹೊಸಬ ಇಳಿದು, ಎರಡೂ ಕೈ ಸೊಂಟಕ್ಕಿಟ್ಟು, ಮೆಲ್ಲಗೆ ನೆಟ್ಟಗೆ ನಿಂತ. ಹಾಗೆ ನಿಲ್ಲುವುದಕ್ಕೆ ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.